ಕೌದಿ ಅಂಗಡಿಯ ಸರ್ವರ್

ನಮ್ಮೂರಿನ ಸೇತುವೆ ದಾಟಿ ಹೋದವರಿಗೆ ಮತ್ತೆ ನಮ್ಮೂರಿನ ದಾರಿ ಸಿಗುವುದಿಲ್ಲ. ಹಾಗೆಂದು ಯಾರೂ ಕಾನೂನು ಮಾಡಿಲ್ಲ. ದಾಟಿದವರು ಅದೇ ರಸ್ತೆ ಹಿಡಿದು ವಾಪಸು ಹೊರಟರೆ ಬೇರೆ ಯಾವುದೋ ಊರು ಎದುರಾಗುತ್ತದೆ, ಅಷ್ಟೆ. ಇದಕ್ಕೆ ನಾವು ಹೊಂದಿಕೊಂಡುಬಿಟ್ಟಿದ್ದೇವೆ. ಗಂಡು ಹೆಣ್ಣು ಊರೊಳಗೇ ನೋಡುತ್ತೇವೆ. ಹೊರಗಿನಿಂದ ರಿಪೇರಿಯವನೊಬ್ಬ ಬಂದರೆ ಇಡೀ ಬೀದಿಯ ಕೆಟ್ಟ ಮಿಕ್ಸಿ, ಫ್ಯಾನು, ಹೊಲಿಗೆ ಮೆಷಿನ್ನುಗಳನ್ನು ಅವನ ಮುಂದೆ ತಂದಿಡುತ್ತೇವೆ. ಅವನು ಎರಡನೇ ಸಲ ಬರಲಾರ. ಮಕ್ಕಳಿಗೆ ಮಾತು ಬಂದ ಕೂಡಲೇ ಕಲಿಸುತ್ತೇವೆ: ಮನೆಯಿಂದ ಮನೆಗೆ ಹೋಗುವಾಗ ‘ಹೋಗಿ ಬರ್ತೀನಿ’ ಅನ್ನಬೇಕು, ಸೇತುವೆಯ ಮೇಲೆ ನಿಂತು ಮಾತ್ರ ಅನ್ನಬಾರದು.

ನಾನು ಚಿಕ್ಕವಳಿದ್ದಾಗ ಊರಿಗೆ ಫೋನು ಬಂತು. ಮೊದಮೊದಲು ಹಬ್ಬದ ಹಾಗಿತ್ತು. ಎಂದೋ ಹೋದ ಅಕ್ಕನ, ಅಣ್ಣನ, ಮಗಳ ದನಿ ಮನೆಮನೆಯಲ್ಲೂ ಕೇಳಿಸಿತು. ಆಮೇಲೆ ಒಂದೊಂದೇ ಮನೆಗೆ ಬೀಗ ಬೀಳತೊಡಗಿತು. ದನಿ ಕೇಳಿದವರ ಕಾಲು ನಿಲ್ಲುತ್ತಿರಲಿಲ್ಲ. ಗಾಣಿಗರ ಬೀದಿ ಪೂರ್ತಿ ಖಾಲಿಯಾದ ಮೇಲೆ ಜನ ತಾವಾಗಿಯೇ ಬುದ್ಧಿ ಕಲಿತರು. ಹೋದವರ ನಂಬರು ಎಲ್ಲರ ಹತ್ತಿರವೂ ಇತ್ತು, ಒತ್ತುವವರು ಇರಲಿಲ್ಲ.

ಮನುಷ್ಯರು ಬರುವಂತಿಲ್ಲ, ಸಾಮಾನು ಹೋಗಲು ಅಡ್ಡಿಯಿಲ್ಲ. ಇದನ್ನು ನೋಡಿ ಅಂಗಡಿಯ ಯೋಚನೆ ಮಾಡಿದವನು ರುದ್ರಮುನಿ. ನಮ್ಮ ಸೇತುವೆ ಬೀದಿಯ ಹೆಂಗಸರು ಕೌದಿ ಹೊಲಿಯುವುದರಲ್ಲಿ ಎತ್ತಿದ ಕೈ. ಹಳೇ ಸೀರೆ, ಪಂಚೆ, ಲಂಗಗಳನ್ನು ಪದರ ಪದರವಾಗಿ ಹಾಸಿ, ಸಣ್ಣಗೆ ದಾರ ಓಡಿಸಿದರೆ ಮೈಮೇಲೆ ಹೊದೆಯಲು ಅದರಂಥದ್ದು ಇನ್ನೊಂದಿಲ್ಲ. ರುದ್ರಮುನಿ ಕಂಪ್ಯೂಟರಿನಲ್ಲಿ ಒಂದು ಅಂಗಡಿ ಕಟ್ಟಿದ. ಹೊರಗಿರುವವರು ಅದರಲ್ಲಿ ಕೌದಿ ಆರ್ಡರ್ ಮಾಡುವಾಗ ಒಂದು ಪ್ರಶ್ನೆಗೆ ಉತ್ತರ ಬರೆಯಬೇಕಿತ್ತು: ‘ಯಾರ ಬಟ್ಟೆಯಿಂದ?’ ಅವರು ಬರೆಯುತ್ತಿದ್ದರು, ಅಮ್ಮನ ಹಸಿರು ಸೀರೆ, ತಾತನ ಪಂಚೆ, ತಮ್ಮನ ಸ್ಕೂಲು ಚಡ್ಡಿ. ನಾವು ಆ ಮನೆಗೆ ಹೋಗಿ ಬಟ್ಟೆ ಕೇಳಿ ತಂದು ಹೊಲಿಸುತ್ತಿದ್ದೆವು. ಕೊರಿಯರ್ ವ್ಯಾನು ಸೇತುವೆ ದಾಟದೆ ಆಚೆ ತುದಿಗೆ ಬಂದು ನಿಲ್ಲುತ್ತಿತ್ತು, ನಡುವೆ ಹಗ್ಗಕ್ಕೆ ಕಟ್ಟಿದ ತಳ್ಳುಗಾಡಿಯಲ್ಲಿ ಪಾರ್ಸೆಲ್ಲು ದಾಟುತ್ತಿತ್ತು. ಫೋನಿನಲ್ಲಿ ಆಡದ ಮಾತನ್ನೆಲ್ಲ ಊರು ಹೀಗೆ ಹೊಲಿದು ಕಳಿಸುವುದನ್ನು ರೂಢಿ ಮಾಡಿಕೊಂಡಿತು.

ಪ್ರೋಗ್ರಾಂ ಬರೆಯುವುದು ಅವನ ಕೆಲಸ. ಫೋಟೋ ತೆಗೆಯುವುದು, ಕಟ್ಟುವುದು, ಕಳಿಸುವುದು ನನ್ನದು. ಅಂಗಡಿಯ ಹಿಂದಿನ ಕೋಣೆಯಲ್ಲಿ, ಬಟ್ಟೆ ಗಂಟುಗಳ ಮಧ್ಯೆ, ಸರ್ವರ್ ಇಟ್ಟಿದ್ದೆವು. ಅದರ ಗುಂಯ್ ಎನ್ನುವ ಸದ್ದಿನಲ್ಲೇ ಇಬ್ಬರೂ ದಿನ ಕಳೆಯುತ್ತಿದ್ದೆವು. ನಮ್ಮಿಬ್ಬರ ನಡುವೆ ಮಾತು ಅಂತ ಏನೂ ಆಗಿರಲಿಲ್ಲ. ಆಗುವುದರಲ್ಲಿತ್ತು ಎಂದು ನಾನು ಈಗಲೂ ಅಂದುಕೊಳ್ಳುತ್ತೇನೆ. ಅಷ್ಟರಲ್ಲಿ ಅವನ ತಾಯಿಗೆ ಹೃದಯದ ಕಾಯಿಲೆ ಶುರುವಾಯಿತು. ನಮ್ಮೂರ ಡಾಕ್ಟರು ಕೈಚೆಲ್ಲಿದರು. ನಮ್ಮಲ್ಲಿ ಒಬ್ಬರನ್ನು ದೊಡ್ಡಾಸ್ಪತ್ರೆಗೆ ಸೇರಿಸುವುದೆಂದರೆ ಇಬ್ಬರನ್ನು ಕಳೆದುಕೊಳ್ಳುವುದು. ಅವನಿಗೆ ಅಣ್ಣತಮ್ಮಂದಿರಿರಲಿಲ್ಲ.

ಅವನು ತಾಯಿಯನ್ನು ಕುರ್ಚಿಯಲ್ಲಿ ಕೂರಿಸಿಕೊಂಡು ಸೇತುವೆಗೆ ಬಂದಾಗ ಬೀದಿಯೆಲ್ಲ ನೆರೆದಿತ್ತು. ಆಚೆ ಕಡೆ ಆಂಬುಲೆನ್ಸ್ ಕಾಯುತ್ತಿತ್ತು. ಅವನು ನನ್ನ ಕಡೆ ನೋಡಿ, ಅಭ್ಯಾಸಬಲದಿಂದಲೋ ಏನೋ, “ಬರ್ತೀನಿ ನೀಲಾ” ಅಂದುಬಿಟ್ಟ. ಎಲ್ಲರೂ ತಲೆ ತಗ್ಗಿಸಿದರು. ಅವನಿಗೆ ತಪ್ಪಿನ ಅರಿವಾಯಿತು. ಆದರೆ ಆಡಿದ ಮಾತನ್ನು ತಿದ್ದಲಿಲ್ಲ, ಕುರ್ಚಿ ತಳ್ಳಿಕೊಂಡು ಹೋದ. ತಾಯಿ ಬದುಕಿಕೊಂಡರು ಎಂದು ವ್ಯಾನಿನವನ ಮೂಲಕ ತಿಳಿಯಿತು. ಕೆಲವು ವರ್ಷದ ಮೇಲೆ ತೀರಿಕೊಂಡರೆಂದೂ ಅವನಿಂದಲೇ ತಿಳಿಯಿತು. ಹೊರಗೆ ಹೋದವರೆಲ್ಲ ಒಂದಲ್ಲ ಒಂದು ಸಲ ಕೌದಿ ತರಿಸಿಕೊಂಡಿದ್ದಾರೆ. ರುದ್ರಮುನಿ ಒಂದು ಸಲವೂ ತರಿಸಿಕೊಳ್ಳಲಿಲ್ಲ. ಹೊಸ ಆರ್ಡರ್ ಬಂದಾಗಲೆಲ್ಲ ನಾನು ಮೊದಲು ನೋಡುತ್ತಿದ್ದದ್ದು ಹೆಸರನ್ನು.

ಅವನು ಬರೆದಿಟ್ಟುಹೋದ ಪ್ರೋಗ್ರಾಂ ವರ್ಷಾನುಗಟ್ಟಲೆ ತನ್ನ ಪಾಡಿಗೆ ತಾನು ನಡೆಯಿತು. ನಾನು ಅದನ್ನು ಮುಟ್ಟಲಿಲ್ಲ. ಧೂಳು ಒರೆಸುತ್ತಿದ್ದೆ, ಅಷ್ಟೆ. ಈ ಬೇಸಿಗೆಯಲ್ಲಿ, ಗಿರಾಕಿಗಳಿಂದ ಹಣ ವಸೂಲಿ ಮಾಡಿಕೊಡುವ ಕಂಪನಿಯಿಂದ ಮೇಲ್ ಬಂತು. ನಿಮ್ಮ ಸರ್ವರಿನ ಸಾಫ್ಟ್‌ವೇರ್ ಹಳೆಯದಾಗಿದೆ, ಅದರ ಬೀಗವನ್ನು ಈಗ ಯಾರು ಬೇಕಾದರೂ ಒಡೆಯಬಹುದು, ಗಿರಾಕಿಯ ಕಾರ್ಡಿನ ವಿವರ ನಿಮ್ಮ ಯಂತ್ರದಲ್ಲಿ ಉಳಿಯಕೂಡದು, ಹೊಸ ಭದ್ರತಾ ನಿಯಮಕ್ಕೆ ತಕ್ಕಂತೆ ಎಲ್ಲವನ್ನೂ ಬದಲಿಸದಿದ್ದರೆ ತಿಂಗಳ ಕೊನೆಗೆ ಪಾವತಿ ನಿಲ್ಲಿಸುತ್ತೇವೆ. ನಾನು ಅವರ ಸಹಾಯವಾಣಿಗೆ ಫೋನು ಮಾಡಿದೆ. ಆ ಕಡೆಯ ಹುಡುಗಿ ತಾಳ್ಮೆಯಿಂದ ಎಲ್ಲ ಕೇಳಿಕೊಂಡು, “ಮೇಡಂ, ಇದನ್ನ ನಿಮಗೆ ಮಾಡಿಕೊಟ್ಟ ಡೆವಲಪರ್ ಇರ್ತಾರಲ್ಲ, ಅವರ ಹತ್ರ ಮಾತಾಡಿಬಿಡಿ. ಒಂದೆರಡು ದಿನದ ಕೆಲಸ” ಅಂದಳು.

ನಾನು ಮಾತಾಡಲಿಲ್ಲ. ತಿಂಗಳು ಮುಗಿಯಿತು. ಪಾವತಿ ನಿಂತಿತು.

ಮೊದಲು ನಿಂತದ್ದು ಸಾವಂತ್ರಿಯ ಆರ್ಡರು. ಸಾವಂತ್ರಿ ನಮ್ಮ ಕೆಂಚಜ್ಜಿಯ ಮಗಳು, ಹೊರಗೆ ಹೋಗಿ ಬಹಳ ಕಾಲವಾದ ಮೇಲೆ ಬಸುರಿಯಾಗಿದ್ದಳು. ಆರ್ಡರ್ ಬರುತ್ತದೆಂದು ಕೆಂಚಜ್ಜಿ ಮೊದಲೇ ಬಟ್ಟೆ ಕತ್ತರಿಸಿ ಹೊಲಿಯಲು ಕೂತಿದ್ದಳು. ಈಗ ಹಣ ಕಟ್ಟುವ ಕಡೆ ಕೆಂಪು ಅಕ್ಷರ ಬಂದು ಸಾವಂತ್ರಿ ಆರ್ಡರನ್ನು ಅರ್ಧಕ್ಕೇ ಬಿಟ್ಟಿದ್ದಳು. ಆರ್ಡರಿನ ಚೀಟಿ ಇಲ್ಲದ ಗಂಟನ್ನು ವ್ಯಾನಿನವನು ಮುಟ್ಟುವುದಿಲ್ಲ. ಕೆಂಚಜ್ಜಿ ಕೌದಿಯನ್ನು ಮಡಿಲಲ್ಲಿಟ್ಟುಕೊಂಡು ಅಂಗಡಿಗೆ ಬಂದಳು.

“ಏನವ್ವಾ ನೀಲಾ, ಮಿಷನ್ನು ಕೆಟ್ಟೈತಂತೆ.”

“ಕೆಟ್ಟಿಲ್ಲ ಅಜ್ಜಿ. ಹಳೇದಾಗಿದೆ.”

“ಹಳೇದಾದ್ರೆ ಬಿಚ್ಚಿ ಹೊಸಾ ದಾರ ಹಾಕ್ಬೇಕಪ್ಪ. ಯಾರು ಹಾಕೋರು?”

ಅವಳು ನನ್ನ ಮುಖವನ್ನೇ ನೋಡಿದಳು. ಕೆಂಚಜ್ಜಿಗೆ ಓದು ಬಾರದು, ಆದರೆ ರುದ್ರಮುನಿ ಹೋದ ದಿನ ಸೇತುವೆಯ ಮೇಲೆ ಅವಳೂ ಇದ್ದಳು. “ಗೊತ್ತಾಯ್ತು ಬಿಡು” ಅಂದಳು. “ಫೋನು ಮಾಡು. ಮಾಡಿದ ಮೇಲೆ ಹೊಳೆ ಕಡೆ ಹೋಗ್ಬ್ಯಾಡ. ಸೀದಾ ನಮ್ಮನೆಗೆ ಬಾ, ಕಾಫಿ ಕುಡಿಯೋವಂತೆ.”

ನಂಬರು ಹುಡುಕುವ ಅಗತ್ಯವಿರಲಿಲ್ಲ. ಬೆಳಗಿನ ಬಿಸಿಲು ಅಂಗಡಿಯ ಕಟ್ಟೆಗೆ ಬರುವ ಹೊತ್ತಿಗೆ ಒತ್ತಿದೆ. ಅವನು ಎತ್ತಿ “ಹಲೋ” ಅಂದ. ನಾನು ಹೆಸರು ಹೇಳುವ ಮುಂಚೆ ಅವನೇ, “ಸರ್ವರ್ ಸದ್ದು ಕೇಳಿಸ್ತಿದೆ” ಅಂದ. ಆಮೇಲೆ ಬಹಳ ಹೊತ್ತು ಇಬ್ಬರೂ ಆ ಸದ್ದನ್ನೇ ಕೇಳುತ್ತಾ ಇದ್ದೆವು. ಕೊನೆಗೆ ನಾನು ಕಂಪನಿಯ ಮೇಲ್ ಓದಿ ಹೇಳಿದೆ. ಕೆಲಸದ ಮಾತು ಬಂದದ್ದು ಇಬ್ಬರಿಗೂ ಒಳ್ಳೆಯದಾಯಿತು.

“ನಂಗೆ ಒಳಗೆ ಬರೋಕೆ ಅನುಮತಿ ಕೊಡು. ಇಲ್ಲಿಂದಲೇ ಎಲ್ಲಾ ಮಾಡಿಬಿಡ್ತೀನಿ” ಅಂದ. ಹೊರಗಿನವರು ದೂರದಿಂದ ನಮ್ಮ ಯಂತ್ರದೊಳಗೆ ಬಂದು ಕೆಲಸ ಮಾಡಬಹುದಂತೆ. ಅವನು ಹೇಳಿದಂತೆ ಬಾಗಿಲು ತೆರೆದೆ. ಅವನು ಪ್ರಯತ್ನಿಸಿದ. ಒಂದು ಸಲ ಯಾವುದೋ ಸಕ್ಕರೆ ಕಾರ್ಖಾನೆಯ ಕಂಪ್ಯೂಟರು ಸಿಕ್ಕಿತಂತೆ, ಇನ್ನೊಂದು ಸಲ ಯಾವುದೋ ಗ್ರಂಥಾಲಯದ್ದು. ಆಮೇಲೆ ಏನೂ ಸಿಗಲಿಲ್ಲ. ಅವನು ಕಾರಣ ಕೇಳಲಿಲ್ಲ, ನಾನೂ ಹೇಳಲಿಲ್ಲ. “ಸರಿ, ನಾನು ಹೇಳ್ತೀನಿ, ನೀನು ಬರಿ” ಅಂದ.

ಹೀಗೆ ಶುರುವಾಯಿತು. ದಿನಾ ಬೆಳಿಗ್ಗೆ ಫೋನನ್ನು ಬಟ್ಟೆ ಗಂಟಿಗೆ ಆನಿಸಿಟ್ಟು ಅವನು ಹೇಳಿದ್ದನ್ನು ಒಂದೊಂದೇ ಅಕ್ಷರ ಒತ್ತುತ್ತಿದ್ದೆ. ಮೊದಲು ಇರುವುದನ್ನೆಲ್ಲ ಇನ್ನೊಂದು ಡಿಸ್ಕಿಗೆ ನಕಲು ಮಾಡಿಸಿದ. ಆಮೇಲೆ ಯಂತ್ರದ ಬುಡದ ಸಾಫ್ಟ್‌ವೇರನ್ನೇ ಬದಲಿಸಿದೆವು. ಬದಲಿಸಿದ ಮೇಲೆ ಅಂಗಡಿಯ ಪುಟ ಬೆಳ್ಳಗೆ ಬೋಳಾಗಿ ನಿಂತಿತು. ಒಂದು ಚಿತ್ರವಿಲ್ಲ, ಒಂದು ಅಕ್ಷರವಿಲ್ಲ. “ಎಲ್ಲಾ ಹೋಯ್ತು” ಅಂದೆ. “ಹೆದರಬೇಡ” ಅಂದ. “ಅವತ್ತಿನ ಭಾಷೆ ಇವತ್ತಿನ ಯಂತ್ರಕ್ಕೆ ಅರ್ಥ ಆಗ್ತಿಲ್ಲ. ಹಳೇ ಮಾತುಗಳನ್ನ ಒಂದೊಂದೇ ತೆಗೆದು ಹೊಸದು ಹಾಕೋಣ. ದೋಷ ಏನಂತ ಬರೆದಿದೆ, ಓದು.” ನಾನು ಓದುತ್ತಿದ್ದೆ, ಅವನು ಆ ಕಡೆಯಿಂದ ಹೇಳುತ್ತಿದ್ದ. ಪ್ರತಿ ಸಾಲಿನ ಕೊನೆಗೆ “ಸೆಮಿಕೋಲನ್ ಹಾಕಿದೆಯಾ?” ಎಂದು ಕೇಳುವನು, ನಾನು “ಹಾಕಿದೆ” ಅನ್ನುವೆನು. ಊಟ ಆಯಿತಾ ಎಂದು ಅವನು ಒಂದು ದಿನವೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಕೇಳಿದ್ದರೆ ಕೆಲಸ ಅಲ್ಲಿಗೇ ನಿಲ್ಲುತ್ತಿತ್ತು.

ಒಂದು ದಿನ, ಪುಟಗಳು ಅರ್ಧಂಬರ್ಧ ಕಾಣಿಸತೊಡಗಿದ್ದಾಗ, ಅವನು ತಡೆದು ತಡೆದು ಹೇಳಿದ. “ನೀಲಾ, ಇನ್ನೊಂದು ದಾರಿ ಇದೆ. ಹೊರಗಿನ ಕಂಪನಿಗಳು ಇಂಥ ಅಂಗಡಿ ಇಟ್ಟುಕೊಡ್ತವೆ. ಸರ್ವರ್ ಅವರದೇ, ಬೀಗ ಅವರದೇ. ಎಲ್ಲಿಂದ ಬೇಕಾದ್ರೂ ನೋಡ್ಕೋಬಹುದು. ಬಟ್ಟೆ ತರೋಕೆ, ಹೊಲಿಯೋಕೆ ಬೀದಿಯವರಿದಾರೆ. ನೀನು ಅಲ್ಲೇ ಇರಬೇಕು ಅಂತೇನಿಲ್ಲ.”

ಅವನು ‘ಬಾ’ ಎನ್ನುವ ಮಾತನ್ನು ಬಳಸಲಿಲ್ಲ. ನಾನು “ನಾಳೆ ಹೇಳ್ತೀನಿ” ಅಂದು ಫೋನು ಇಟ್ಟೆ. ಕೆಂಚಜ್ಜಿಯ ಮನೆಗೆ ಹೋಗಲಿಲ್ಲ. ಬಾಗಿಲು ಹಾಕಿಕೊಳ್ಳದೆ, ಚಪ್ಪಲಿ ಮೆಟ್ಟದೆ ಬೀದಿಗಿಳಿದೆ. ಮಟಮಟ ಮಧ್ಯಾಹ್ನ. ಕಾಲ ಕೆಳಗೆ ಸೇತುವೆಯ ಕಲ್ಲು ಕಾದಿತ್ತು. ಮುಕ್ಕಾಲು ದಾಟಿದ ಮೇಲೆ ನಾನು ಎಲ್ಲಿದ್ದೇನೆಂದು ನನಗೆ ಗೊತ್ತಾಯಿತು. ಆಚೆ ತುದಿಯಲ್ಲಿ ವ್ಯಾನು ನಿಂತಿತ್ತು. ವ್ಯಾನಿನವನು ನೆರಳಿಗೆ ಬಾಗಿಲು ತೆರೆದುಕೊಂಡು ಕೂತಿದ್ದ. ಅವನ ಪಕ್ಕದ ಸೀಟು ಖಾಲಿಯಿತ್ತು.

“ಪಾರ್ಸೆಲ್ ಇದೆಯಾ ಅಕ್ಕಾ?”

“ಇವತ್ತು ಇಲ್ಲಪ್ಪ.”

“ಮತ್ತೆ ಬರಿಗೈಲಿ ಇಲ್ಲಿವರೆಗೆ ಬಂದಿದೀರಲ್ಲ?”

ಹತ್ತು ಹೆಜ್ಜೆ ಹಾಕಿದರೆ ಆ ಸೀಟು. ಅಲ್ಲಿಂದ ಯಾವುದೋ ಒಂದು ಊರಿನಲ್ಲಿ ರುದ್ರಮುನಿಯ ಮನೆ. ಅವನು ಬಾಗಿಲು ತೆಗೆಯುವಾಗ ಮುಖ ಹೇಗಿರುತ್ತದೆ ಎನ್ನುವುದೂ ನನಗೆ ಕಾಣಿಸಿತು. ಅದರ ಹಿಂದೆಯೇ ಕೆಂಚಜ್ಜಿ ಕಾಣಿಸಿದಳು. ಬಟ್ಟೆ ಕೊಡಲು ಬಾಗಿಲಲ್ಲಿ ಕಾಯುವವರು ಕಾಣಿಸಿದರು. ಹೋದ ಮಗನ ತಟ್ಟೆಯನ್ನು ಇನ್ನೂ ತೊಳೆದಿಡುವ ಮನೆಗೆ ಹೋಗಿ, ಅಮ್ಮಾ, ನಿಮ್ಮ ಹಸಿರು ಸೀರೆ ಬೇಕಂತೆ, ಅನ್ನುವುದು ಎಲ್ಲರಿಂದ ಆಗುವ ಕೆಲಸವಲ್ಲ. ಆ ಮಾತು ಹೇಳಿದ ಮೇಲೆ ಅವರು ಅತ್ತು ಮುಗಿಸುವವರೆಗೆ ಅಲ್ಲೇ ಕೂತಿರಬೇಕು. ಅದನ್ನು ಎಲ್ಲೋ ಕೂತು ಮಾಡಲಾಗದು. ಇಷ್ಟೆಲ್ಲ ನಾನು ಅಲ್ಲಿ ನಿಂತು ಲೆಕ್ಕ ಹಾಕಿದೆನೆಂದು ಹೇಳಿದರೆ ಸುಳ್ಳಾದೀತು. ಕಾಲು ಸುಡುತ್ತಿತ್ತು, ಹಿಂದಕ್ಕೆ ತಿರುಗಿದೆ. ಮನೆಗೆ ಬಂದು ಬಚ್ಚಲಲ್ಲಿ ಪಾದದ ಮೇಲೆ ನೀರು ಹುಯ್ದುಕೊಳ್ಳುತ್ತಾ ಬಹಳ ಹೊತ್ತು ನಿಂತೆ.

ಮರುದಿನ ಬೆಳಿಗ್ಗೆ, “ಇಲ್ಲೇ ಇರಲಿ. ನಾನೇ ನೋಡ್ಕೋತೀನಿ” ಅಂದೆ.

“ಆಯ್ತು” ಅಂದ. “ಹಾಗಿದ್ರೆ ಪಾವತಿ ಪುಟ ತೆಗಿ.”

ಕೊನೆಯ ತೊಡಕು ಅಲ್ಲೇ ಇತ್ತು. ಹೊಸ ನಿಯಮದ ಪ್ರಕಾರ ಗಿರಾಕಿ ನಮ್ಮ ಪುಟದಿಂದ ಕಂಪನಿಯ ಪುಟಕ್ಕೆ ಹೋಗಿ, ಅಲ್ಲಿ ಕಾರ್ಡಿನ ವಿವರ ಕೊಟ್ಟು ಹಣ ಕಟ್ಟಿ, ಮತ್ತೆ ನಮ್ಮ ಪುಟಕ್ಕೆ ಮರಳಬೇಕು. ಮರಳಿದಾಗಲೇ ಆರ್ಡರ್ ದಾಖಲಾಗುವುದು. ರುದ್ರಮುನಿ ತನ್ನ ಕಡೆಯಿಂದ ಪರೀಕ್ಷಿಸಿದ. ಗಿರಾಕಿ ಹೋಗುತ್ತಿದ್ದ, ಮರಳುತ್ತಿರಲಿಲ್ಲ. ವಿಳಾಸ ತಿದ್ದಿದೆವು, ಸಾಲು ಸಾಲಾಗಿ ಓದಿದೆವು, ತಪ್ಪೇ ಇರಲಿಲ್ಲ. ನಾನು ಸಹಾಯವಾಣಿಯ ಹುಡುಗಿಗೆ ಕೇಳಿದೆ. “ವಿಚಿತ್ರ ಮೇಡಂ. ಬೇರೆ ಎಲ್ಲಾ ಅಂಗಡಿಗಳಿಗೂ ಸರಿಯಾಗಿ ವಾಪಸ್ ಹೋಗ್ತಿದಾರೆ. ನಿಮ್ಮ ಪುಟಕ್ಕೆ ಮಾತ್ರ ದಾರಿ ಸಿಗ್ತಿಲ್ಲ ಅಂತ ತೋರಿಸ್ತಿದೆ” ಅಂದಳು.

ಅವಳು ಹೇಳಿದ್ದನ್ನು ನಾನು ಹಾಗೆಯೇ ರುದ್ರಮುನಿಗೆ ಹೇಳಿದೆ. ಅವನು ಒಂದು ಉಸಿರು ಬಿಟ್ಟ. ನಕ್ಕನೇನೋ. “ನಾವೇ ದಡ್ಡರು ನೀಲಾ” ಅಂದ. “ಹೋದವರು ಬರಲ್ಲ ಅಂತ ಗೊತ್ತಿದ್ದೂ ಕಳಿಸ್ತಾ ಇದೀವಿ. ಹೋಗದ ಹಾಗೆ ಮಾಡಬೇಕು.”

ಕಂಪನಿಯ ಪುಟದ ಬದಲು, ಅವರದೇ ಒಂದು ಚಿಕ್ಕ ಕಿಟಕಿಯನ್ನು ನಮ್ಮ ಪುಟದೊಳಗೇ ಕೂರಿಸುವ ಏರ್ಪಾಡಿತ್ತು. ಕಾರ್ಡಿನ ವಿವರ ಆ ಕಿಟಕಿಯಿಂದ ಸೀದಾ ಅವರಿಗೆ ಮುಟ್ಟುತ್ತದೆ, ನಮ್ಮ ಯಂತ್ರದಲ್ಲಿ ಏನೂ ಉಳಿಯುವುದಿಲ್ಲ, ಗಿರಾಕಿ ಎಲ್ಲಿಗೂ ಹೋಗಬೇಕಿಲ್ಲ. ಅದನ್ನು ಕೂರಿಸಲು ನಮಗೆ ಒಂದು ವಾರ ಹಿಡಿಯಿತು. ಹೊಸ ಬೀಗಕ್ಕೊಂದು ಸರ್ಟಿಫಿಕೇಟು ತರಿಸಿದೆವು. ಇದು ನಿಜವಾಗಿಯೂ ನಮ್ಮದೇ ಅಂಗಡಿ, ನಡುವೆ ಯಾರೂ ಕದ್ದು ಕೇಳುತ್ತಿಲ್ಲ, ಎಂದು ಸಾರುವ ಮುದ್ರೆಯಂತೆ ಅದು. ಕಂಪನಿಯವರು ತಪಾಸಣೆ ಮಾಡಿ ಒಪ್ಪಿಕೊಂಡರು. ಇನ್ನು ಹೊರಗಿನಿಂದ ಯಾರಾದರೂ ನಿಜವಾದ ಆರ್ಡರ್ ಒಂದನ್ನು ಹಾಕಿ ನೋಡಬೇಕಿತ್ತು.

“ನಾನೇ ಹಾಕ್ತೀನಿ” ಅಂದ.

ನಾನು ಪರದೆಯ ಮುಂದೆ ಕೂತೆ. ಗಂಟೆಯ ಸದ್ದಾಗಿ ಆರ್ಡರ್ ಬಂತು. ಹೆಸರು ರುದ್ರಮುನಿ. ಒಂದು ಕೌದಿ. ‘ಯಾರ ಬಟ್ಟೆಯಿಂದ?’ ಎಂಬಲ್ಲಿ ಬರೆದಿದ್ದ: ‘ಯಾರದಾದರೂ ಸರಿ.’

ಅವನಿಗೆ ಊರಿನಲ್ಲಿ ಯಾರೂ ಉಳಿದಿರಲಿಲ್ಲ. ಇದ್ದೊಬ್ಬ ತಾಯಿಯನ್ನು ಅವನೇ ಕರೆದುಕೊಂಡು ಹೋಗಿದ್ದ. ಅವನು ಇಷ್ಟು ವರ್ಷ ಯಾಕೆ ತರಿಸಿಕೊಳ್ಳಲಿಲ್ಲವೆಂದು ನನಗೆ ಆಗ ಅರ್ಥವಾಯಿತು. ಆ ಪ್ರಶ್ನೆಯನ್ನು ಬರೆದವನಿಗೇ ಅದಕ್ಕೆ ಉತ್ತರವಿರಲಿಲ್ಲ.

“ಬಂತಾ?” ಎಂದು ಕೇಳಿದ.

“ಬಂತು.”

“ಸುಮ್ನೆ ಪರೀಕ್ಷೆಗೆ ಹಾಕಿದ್ದು. ಬೇಕಾದ್ರೆ ರದ್ದು ಮಾಡು.”

“ನಾನ್ಯಾಕೆ ರದ್ದು ಮಾಡಲಿ” ಅಂದೆ. ನನ್ನ ದನಿ ನನಗೇ ಒರಟಾಗಿ ಕೇಳಿಸಿತು.

ಅವನು ಮತ್ತೆ ಕೆಲಸದ ಮಾತಿಗೆ ಬಂದ. “ಇನ್ನೊಂದೇ ಬಾಕಿ. ಆ ಸರ್ಟಿಫಿಕೇಟು ಮೂರು ತಿಂಗಳಷ್ಟೇ ಬಾಳೋದು. ಮುಗಿಯೋ ಮುಂಚೆ ಹೊಸದು ತರಿಸಬೇಕು, ಇಲ್ಲದಿದ್ರೆ ಪಾವತಿ ಮತ್ತೆ ನಿಲ್ಲುತ್ತೆ. ಎರಡು ಸಾಲು ಬರೆದಿಟ್ರೆ ಯಂತ್ರ ತಾನೇ ತರಿಸ್ಕೊಳ್ಳುತ್ತೆ. ಆಮೇಲೆ ನೀನು ಇದನ್ನ ಮುಟ್ಟೋದೇ ಬೇಡ, ವರ್ಷಗಟ್ಟಲೆ ನಡೆಯುತ್ತೆ. ಬರ್ಕೋತೀಯಾ? ಹೇಳ್ಲಾ?”

ನನ್ನ ಬೆರಳು ಕೀಲಿಗಳ ಮೇಲೆಯೇ ಇತ್ತು. ಹೊರಗೆ ಯಾರೋ ಕೊಡ ಇಳಿಸಿದ ಸದ್ದಾಯಿತು.

“ಬೇಡ” ಅಂದೆ. “ಪ್ರತಿ ಸಲ ಕೈಯಲ್ಲೇ ಮಾಡ್ತೀನಿ.”

“ಕೈಯಲ್ಲಿ ಮಾಡೋದು ಉದ್ದದ ಕೆಲಸ ನೀಲಾ. ಮಧ್ಯೆ ಒಂದು ಅಕ್ಷರ ತಪ್ಪಿದ್ರೂ ಮೊದಲಿಂದ ಮಾಡಬೇಕು. ಮರೆತುಹೋಗುತ್ತೆ.”

“ಮರೆತರೆ ಕೇಳ್ತೀನಿ.”

ಅವನ ಕಡೆ ಯಾವುದೋ ವಾಹನ ಹೋದದ್ದು, ನಾಯಿ ಬೊಗಳಿದ್ದು ಕೇಳಿಸಿತು. ಅವನ ಬೀದಿಯ ಸದ್ದನ್ನು ನಾನು ಮೊದಲ ಸಲ ಗಮನವಿಟ್ಟು ಕೇಳಿದೆ. “ಹಾಗೇ ಮಾಡೋಣ” ಅಂದ. “ಕೈಯಲ್ಲೇ ಒಳ್ಳೇದು.”

ಸಾವಂತ್ರಿಯ ಆರ್ಡರು ಅದೇ ದಿನ ಸಂಜೆ ಬಂತು. ಅವಳ ಪಾರ್ಸೆಲ್ಲಿನ ಜೊತೆ ಬಾಕಿ ಉಳಿದಿದ್ದವೆಲ್ಲ ಒಟ್ಟಿಗೇ ಹೋದವು. ರುದ್ರಮುನಿಯ ಕೌದಿಗೆ ಬಟ್ಟೆ ಕೇಳಲು ನಾನು ಯಾರ ಮನೆಗೂ ಹೋಗಲಿಲ್ಲ. ಹೇಗೋ ಸುದ್ದಿ ಹಬ್ಬಿ ಬೀದಿಯವರೇ ತಂದುಕೊಟ್ಟರು. ಒಬ್ಬರು ಅವನಿಗೆ ಅಕ್ಷರ ಕಲಿಸಿದ ಮೇಷ್ಟರ ಅಂಗಿಯ ತೋಳು ತಂದರು, ಒಬ್ಬರು ಅವನ ತಾಯಿ ಎಂದೋ ಕೊಟ್ಟಿದ್ದ ಕುಪ್ಪಸದ ಕಣ. ನಡುವೆ ದೊಡ್ಡದೊಂದು ಚೌಕ ಖಾಲಿ ಬಿಟ್ಟುಕೊಂಡು ಕೆಂಚಜ್ಜಿ ಸುಮ್ಮನೆ ನನ್ನ ಕಡೆ ನೋಡಿದಳು. ನಾನು ಒಳಗೆ ಹೋಗಿ ನನ್ನ ನೇರಳೆ ಬಣ್ಣದ ಸೀರೆ ತಂದುಕೊಟ್ಟೆ. ಅವಳು ಅದನ್ನು ಕೆನ್ನೆಗೆ ಒತ್ತಿ ನೋಡಿ, ಮೆತ್ತಗಿದೆ, ಅಂದಳು. ಪಾರ್ಸೆಲ್ಲು ತಲುಪಿದೆ ಎಂದು ವ್ಯಾನಿನವನು ಹೇಳಿದ. ಫೋನು ಬರಲಿಲ್ಲ. ನಾನೂ ಮಾಡಲಿಲ್ಲ. ಕೆಲಸವಿಲ್ಲದೆ ಮಾಡಿದ್ದರೆ ನನ್ನ ಕಾಲ ಮೇಲೆ ನನಗೆ ನಂಬಿಕೆಯಿರಲಿಲ್ಲ.

ಮೊನ್ನೆ ಯಂತ್ರದ ಪರದೆಯ ಮೂಲೆಯಲ್ಲಿ ಹಳದಿ ಪಟ್ಟಿಯೊಂದು ಬಂತು, ಸರ್ಟಿಫಿಕೇಟಿನ ಅವಧಿ ಮುಗಿಯುತ್ತಿದೆ ಎಂದು. ನಾನು ತಲೆ ಬಾಚಿಕೊಂಡು, ಹಿಂದಿನ ಕೋಣೆಯ ನೆಲ ಗುಡಿಸಿ, ಫೋನನ್ನು ಬಟ್ಟೆ ಗಂಟಿಗೆ ಆನಿಸಿಟ್ಟೆ. ಕೆಂಚಜ್ಜಿ ಬಾಗಿಲಲ್ಲಿ ಕೂತು ಯಾರದೋ ಪಂಚೆಯನ್ನು ಕೌದಿಗೆ ಕೂಡಿಸುತ್ತಿದ್ದಳು.

“ಮತ್ತೆ ಹಳೇದಾಯ್ತಾ ಅದು?” ಎಂದು ಕೇಳಿದಳು.

“ಆಯ್ತು ಅಜ್ಜಿ.”

“ಇಷ್ಟು ಬೇಗ?”

“ಅದು ಹಾಗೇ ಅಜ್ಜಿ. ಬೇಗ ಹಳೇದಾಗುತ್ತೆ.”

ಅವಳು ಸೂಜಿಯನ್ನು ಬೆಳಕಿಗೆ ಹಿಡಿದು ದಾರ ಪೋಣಿಸಿದಳು. “ಆಗ್ಲಿ ಬಿಡವ್ವಾ” ಅಂದು, ಚಾಪೆಯನ್ನು ಹೊರಗಿನ ಜಗಲಿಗೆ ಎಳೆದುಕೊಂಡು, ಹೋಗುವಾಗ ಬಾಗಿಲನ್ನು ಮೆಲ್ಲಗೆ ಮುಂದೆ ಮಾಡಿದಳು.